ಕಾಳಿಯ ಕಲ್ಲು, ಬೆಳ್ಳೂರಿನ ಹುಣಸೆಮರ

ಅಮ್ಮ ದಿನಾ ಬೆಳಿಗ್ಗೆ ಮನೆಯವರ ವಾಟ್ಸಾಪ್ ಗುಂಪಿಗೆ ಒಂದು ವಿಡಿಯೋ ಕಳಿಸುತ್ತಾಳೆ. ಮೊದಲು ದೇವರ ಪಟ, ರಂಗೋಲಿ ಬರುತ್ತಿದ್ದವು. ಈಗ ಒಂದೆರಡು ವರ್ಷದಿಂದ ಬರೀ ಪ್ರಾಣಿಗಳು. ಬಾವಿಗೆ ಬಿದ್ದ ಆನೆಮರಿಯನ್ನು ಎತ್ತುವ ಹಳ್ಳಿಯ ಜನ, ಸತ್ತ ಯಜಮಾನನ ಸಮಾಧಿ ಬಿಟ್ಟು ಕದಲದ ನಾಯಿ, ಬೇಸಿಗೆಯಲ್ಲಿ ಅಳಿಲಿಗೆ ಬಾಟಲಿ ಮುಚ್ಚಳದಲ್ಲಿ ನೀರು ಕುಡಿಸುವ ಟ್ರಾಫಿಕ್ ಪೊಲೀಸ್. ನೋಡುತ್ತೇವೆ, ಕಣ್ಣು ಒದ್ದೆಯಾಗುತ್ತದೆ, ಒಂದು ಹೃದಯದ ಗುರುತು ಒತ್ತಿ ಮುಂದೆ ಹೋಗುತ್ತೇವೆ. ಮಧ್ಯಾಹ್ನದ ಹೊತ್ತಿಗೆ ಅದು ನೆನಪಿನಲ್ಲೂ ಇರುವುದಿಲ್ಲ.

ಒಮ್ಮೆ ಫೋನಿನಲ್ಲಿ ಅಮ್ಮನನ್ನು ಕೇಳಿದೆ, “ನಿನ್ನೆ ಕಳಿಸಿದ್ದೆಯಲ್ಲ, ಆ ನಾಯಿ ಆಮೇಲೆ ಏನಾಯಿತಂತೆ?” ಅವಳು ನಕ್ಕಳು. “ಅದನ್ನೆಲ್ಲ ಯಾರು ಬರ್‍ಕೊಂಡು ಕೂತಿರ್ತಾರೋ?” ಅಂದಳು.

ಬರೆದುಕೊಂಡವರು ಇದ್ದಾರೆ. ಅದೂ ನಮ್ಮ ಕಡೆಯವರೇ. ಸಾವಿರದ ಎಪ್ಪತ್ತೈದು ವರ್ಷಗಳ ಹಿಂದೆ, ಕಲ್ಲಿನ ಮೇಲೆ, ಕನ್ನಡದಲ್ಲಿ, ನಾಯಿಯ ಹೆಸರಿನ ಸಮೇತ. ಆ ಕಲ್ಲು ಸಿಕ್ಕಿದ್ದು ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ. ರೈಲಿನಲ್ಲಿ ಹೋಗುವಾಗ ವಡೆ ಕೊಂಡು ತಿನ್ನುವ ಅದೇ ಮದ್ದೂರು. ಅದೇ ತಾಲ್ಲೂಕಿನಲ್ಲಿ ಇನ್ನೊಂದು ಊರಿದೆ, ಕೊಕ್ಕರೆ ಬೆಳ್ಳೂರು. ಅಲ್ಲಿ ಕಲ್ಲಿನಲ್ಲಿ ಏನೂ ಬರೆದಿಲ್ಲ. ಆದರೆ ಪ್ರತಿ ವರ್ಷ ನೂರಾರು ಹಕ್ಕಿಗಳು ಬಂದು ಮನೆಗಳ ಮೇಲೆ ಬಾಗಿದ ಮರಗಳಲ್ಲಿ ಮರಿ ಮಾಡಿಕೊಂಡು ಹೋಗುತ್ತವೆ.

ಈ ವಾರದ ಪತ್ರ ಈ ಎರಡು ಊರುಗಳ ನಡುವಿನ ದಾರಿಯದು. ನಡುವೆ ಚೆನ್ನೈ, ಮುಂಬೈ, ದೆಹಲಿಗಳನ್ನೂ ಹಾದುಹೋಗಬೇಕಾಗುತ್ತದೆ. ಕೇಳುತ್ತಿರುವ ಪ್ರಶ್ನೆ ಒಂದೇ: ಪ್ರಾಣಿಯ ಮೇಲೆ ಮನುಷ್ಯನಿಗೆ ಹುಟ್ಟುವ ಕರುಣೆ ಒಂದು ಗಳಿಗೆಯದು. ಅದು ಗಳಿಗೆಗಿಂತ ಹೆಚ್ಚು ಬಾಳಬೇಕಾದರೆ ಏನು ಬೇಕು?

ಬೇಡಿದ್ದು ಒಂದು ನಾಯಿ

ಆತಕೂರಿನ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಬ್ಬನ್ ಪಾರ್ಕಿನ ಪಕ್ಕದ ಕೆಂಪು ಕಟ್ಟಡ. ಚೆನ್ನೈಯಿಂದ ಊರಿಗೆ ಹೋದಾಗ ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ನೋಡಿದೆ. ಶಾಲೆಯ ಮಕ್ಕಳ ಒಂದು ಸಾಲು ಅದರ ಮುಂದೆಯೇ ಹಾದುಹೋಯಿತು, ಯಾರೂ ನಿಲ್ಲಲಿಲ್ಲ. ಕಲ್ಲಿನಲ್ಲಿ ಒಂದು ನಾಯಿ, ಒಂದು ಹಂದಿ ಎದುರುಬದುರಾಗಿ ಸೆಣಸುತ್ತಿವೆ. ಸುತ್ತಲೂ ಹಳಗನ್ನಡದ ಅಕ್ಷರಗಳು. ಚಿತ್ರದಲ್ಲಿ ಮನುಷ್ಯರಿಲ್ಲ. ವೀರಗಲ್ಲುಗಳಲ್ಲಿ ನಾವು ನೋಡಿ ಅಭ್ಯಾಸವಾಗಿರುವ ಬಿಲ್ಲುಗಾರ, ಕುದುರೆ, ವೀರನನ್ನು ಕರೆದೊಯ್ಯುವ ಅಪ್ಸರೆಯರು ಯಾರೂ ಇಲ್ಲ.

ಶಾಸನದ ಕಾಲ ಶಕವರ್ಷ 872, ಸೌಮ್ಯ ಸಂವತ್ಸರ. ಅಂದರೆ ಕ್ರಿ.ಶ. 949-50. ಆಗ ರಾಷ್ಟ್ರಕೂಟರ ಮೂರನೆಯ ಕೃಷ್ಣ ಆಳುತ್ತಿದ್ದ. ಕನ್ನಡದ ಬಾಯಲ್ಲಿ ಅವನು ಕನ್ನರದೇವ. ಅವನ ಸೋದರಿ ರೇವಕಳ ಗಂಡ ಗಂಗರ ದೊರೆ ಎರಡನೆಯ ಬೂತುಗ. ಇವರಿಬ್ಬರೂ ಸೇರಿ ಚೋಳರ ಮೇಲೆ ದಂಡೆತ್ತಿ ಹೋದರು. ಯುದ್ಧ ನಡೆದದ್ದು ತಕ್ಕೋಲದಲ್ಲಿ. ಚೆನ್ನೈಯಲ್ಲಿರುವ ಓದುಗರಿಗೆ ಅದು ದೂರದ ಹೆಸರಲ್ಲ, ಅರಕ್ಕೋಣಂ ಹತ್ತಿರದ ಊರು. ಅಲ್ಲಿ ಚೋಳರ ರಾಜಾದಿತ್ಯ ಆನೆಯ ಮೇಲಿರುವಾಗಲೇ ಬೂತುಗನ ಕೈಯಲ್ಲಿ ಸತ್ತ. ಅದಕ್ಕೆ ಮೆಚ್ಚಿ ಕನ್ನರ ಬೂತುಗನಿಗೆ ಬನವಾಸಿ ಹನ್ನೆರಡು ಸಾವಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು, ಕಿಸುಕಾಡು ಎಪ್ಪತ್ತು, ಬಾಗೆನಾಡು ಎಪ್ಪತ್ತು ಕೊಟ್ಟ. ಇವತ್ತಿನ ಗದಗ, ಲಕ್ಷ್ಮೇಶ್ವರ, ಪಟ್ಟದಕಲ್ಲಿನ ಸುತ್ತಿನ ನಾಡುಗಳೂ ಇದರಲ್ಲಿ ಸೇರಿವೆ. ದಕ್ಷಿಣ ಭಾರತದ ಇತಿಹಾಸ ಬರೆಯುವವರಿಗೆ ಈ ಕಲ್ಲು ಬೇಕಾಗುವುದು ಈ ಕಾರಣಕ್ಕೆ. ತಕ್ಕೋಲದ ಕದನಕ್ಕೆ ಇದು ದೊಡ್ಡ ಸಾಕ್ಷಿ.

ಆದರೆ ಕಲ್ಲು ನೆಟ್ಟದ್ದು ತಕ್ಕೋಲಕ್ಕಾಗಿ ಅಲ್ಲ.

ಬೂತುಗನ ಕಡೆಯಲ್ಲಿ ಮಣಲೇರ ಎಂಬ ಒಬ್ಬ ಯೋಧ ಇದ್ದ. ತಕ್ಕೋಲದಲ್ಲಿ ಅವನು ಮುಂದೆ ನಿಂತು ಕಾದಿದ. ಒಡೆಯ ಮೆಚ್ಚಿ, ಏನು ಬೇಕೋ ಬೇಡಿಕೋ ಎಂದ. ಅಂಥ ಗಳಿಗೆಯಲ್ಲಿ ಜನ ಏನು ಕೇಳುತ್ತಿದ್ದರು ಎಂಬುದನ್ನು ನಮ್ಮ ಶಾಸನಗಳು ಸಾಲುಸಾಲಾಗಿ ಹೇಳುತ್ತವೆ. ಊರು, ಗದ್ದೆ, ಅಧಿಕಾರ, ಬಿರುದು. ಮಣಲೇರ ಕೇಳಿದ್ದು ಒಂದು ನಾಯಿಯನ್ನು. ಅದರ ಹೆಸರು ಕಾಳಿ. ದಯಮಾಡಿ ಅದನ್ನು ಕೊಡಿ ಎಂದು ಕೇಳಿ ತೆಗೆದುಕೊಂಡ.

ಮುಂದಿನದನ್ನು ಶಾಸನ ಒಂದೇ ಉಸಿರಿನಲ್ಲಿ ಮುಗಿಸುತ್ತದೆ. ಕೆಳಲೆನಾಡಿನ ಬೆಳತೂರಿನ ಪಡುವಣ ದಿಕ್ಕಿನ ಮೊರಡಿಯಲ್ಲಿ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು.

ಅಷ್ಟೇ. ನಾಯಿ ಹೇಗೆ ಹೋರಾಡಿತು, ಎಷ್ಟು ಹೊತ್ತು, ಮಣಲೇರ ಅತ್ತನೇ, ಇದೊಂದೂ ಇಲ್ಲ. ಅವನು ಏನು ಮಾಡಿದ ಎಂಬುದು ಮಾತ್ರ ಇದೆ. ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿದ. ದೊಡ್ಡ ಕೆರೆಯ ಕೆಳಗೆ ಎರಡು ಖಂಡುಗ ಭೂಮಿಯನ್ನು ಅದಕ್ಕೆ ಬಿಟ್ಟ.

ಗೊರವನ ಊಟ

ನನ್ನನ್ನು ಕಲ್ಲಿನ ಮುಂದೆ ಹೆಚ್ಚು ಹೊತ್ತು ನಿಲ್ಲಿಸಿದ್ದು ಆ ಎರಡು ಖಂಡುಗ.

ಕೆರೆಯ ಕೆಳಗಿನ ಭೂಮಿ ಎಂದರೆ ನೀರು ಹಾಯುವ ಗದ್ದೆ. ಮಂಡ್ಯದವರಿಗೆ ಬಿಡಿಸಿ ಹೇಳಬೇಕಿಲ್ಲ, ಊರಿನ ಒಳ್ಳೆಯ ಭೂಮಿ ಎಂದರೆ ಅದೇ. ಅದರ ಹುಟ್ಟುವಳಿ ದೇವಾಲಯವನ್ನು ನೋಡಿಕೊಳ್ಳುವ ಗೊರವನಿಗೆ. ಗೊರವ ಎಂದರೆ ಆ ಕಾಲದಲ್ಲಿ ಶೈವ ಪೂಜಾರಿ. ಅವನಿಗೆ ಒಂದು ಷರತ್ತು ಹಾಕಿದ್ದಾರೆ: ಈ ಕಲ್ಲನ್ನು ಪೂಜಿಸದೆ ಉಣ್ಣಕೂಡದು. ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ಬರುತ್ತದೆ. ಭೂಮಿಯನ್ನು ಹಾಳುಮಾಡಿದವರಿಗೂ ಅದೇ ಶಾಪ. ಅವನು ಒಕ್ಕಲಾಗಿರಲಿ, ಊರಾಳುವವನಾಗಿರಲಿ, ನಾಡಾಳುವವನಾಗಿರಲಿ, ನಾಯಿಯ ಪಾಪವೆಲ್ಲ ಅವನದೇ.

ಸಾಮಾನ್ಯವಾಗಿ ದಾನಶಾಸನಗಳ ಕೊನೆಯಲ್ಲಿ ಬರುವ ಶಾಪ ನಮಗೆ ಗೊತ್ತು. ವಾರಣಾಸಿಯಲ್ಲಿ ಸಾವಿರ ಕವಿಲೆಗಳನ್ನು ಕೊಂದ ಪಾಪ, ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುವ ಶಿಕ್ಷೆ. ಇಲ್ಲಿ ಅದನ್ನು ಬಿಟ್ಟು ನಾಯಿಯ ಪಾಪವನ್ನು ಹೇಳಿದ್ದಾರೆ. ಯಾವ ಪಾಪ ಅದು? ಬೇಟೆನಾಯಿ ಜೀವನವಿಡೀ ಕೊಂದ ಪ್ರಾಣಿಗಳ ಪಾಪವೇ ಇರಬೇಕು ಎಂದು ನನಗೆ ಅನ್ನಿಸುತ್ತದೆ. ಹಾಗಿದ್ದರೆ ಈ ಶಾಸನ ಬರೆಸಿದವನು ತನ್ನ ನಾಯಿಯನ್ನು ದೇವರು ಮಾಡಲಿಲ್ಲ. ಅದಕ್ಕೂ ಪಾಪ ಉಂಟು ಎಂದು ಒಪ್ಪಿಕೊಂಡೇ ಪೂಜೆ ಮಾಡಿಸಿದ. ಜೊತೆಗೆ ಸತ್ತ ಹಂದಿಯನ್ನೂ ಮರೆಯಲಿಲ್ಲ. ಅದು ದೊಡ್ಡ ಹಂದಿ ಎಂದು ಬರೆಸಿದ, ಕಲ್ಲಿನಲ್ಲಿ ನಾಯಿಯ ಎದುರಿಗೆ ಕೆತ್ತಿಸಿದ.

ಇದನ್ನು ಅಮ್ಮ ಕಳಿಸುವ ವಿಡಿಯೋಗಳ ಸಾಲಿಗೆ ಸೇರಿಸಲು ನನಗೆ ಸಂಕೋಚವಿದೆ, ಅದನ್ನೂ ಹೇಳಬೇಕು. ಕಾಳಿಯನ್ನು ಹಂದಿಯ ಮೇಲೆ ಬಿಟ್ಟವರು ಮನುಷ್ಯರೇ. ಅದು ಅವರ ಆಟ. ಆ ನಾಯಿ ಸಿಕ್ಕಿದ್ದು ಸಾವಿರಾರು ಜನ ಸತ್ತ ಯುದ್ಧದ ಬಹುಮಾನವಾಗಿ. ತಕ್ಕೋಲದ ಬಯಲಿನಲ್ಲಿ ಸತ್ತ ಎಷ್ಟು ಕಾಲಾಳುಗಳಿಗೆ ಎರಡು ಖಂಡುಗ ಗದ್ದೆ ಸಿಕ್ಕಿತೋ ಯಾರಿಗೆ ಗೊತ್ತು. ಇಷ್ಟೆಲ್ಲ ಇದ್ದರೂ ಒಂದು ಮಾತು ಉಳಿಯುತ್ತದೆ. ತನ್ನಿಂದಾಗಿ ಸತ್ತ ಒಂದು ಪ್ರಾಣಿಯ ಋಣವನ್ನು ಮಣಲೇರ ಬಾಯಿಮಾತಿನಲ್ಲಿ ತೀರಿಸಲಿಲ್ಲ, ಗದ್ದೆಯಲ್ಲಿ ತೀರಿಸಿದ. ದಿನವೂ ಒಬ್ಬ ಮನುಷ್ಯ ತುತ್ತು ಎತ್ತುವ ಮೊದಲು ಅದನ್ನು ನೆನೆಯುವಂತೆ ಏರ್ಪಾಡು ಮಾಡಿದ.

ನಾಯಿಗೆ ಕಲ್ಲು ನೆಟ್ಟವರು ನಾವು ಮಾತ್ರವಲ್ಲ. ತಮಿಳುನಾಡಿನ ತಿರುವಣ್ಣಾಮಲೈ ಜಿಲ್ಲೆಯ ಎಡುತ್ತನೂರಿನಲ್ಲಿ ಇದಕ್ಕಿಂತ ಮುನ್ನೂರು ವರ್ಷ ಹಳೆಯದಾದ ಒಂದು ನಡುಗಲ್ಲು ಇದೆ. ಪಲ್ಲವ ಮಹೇಂದ್ರವರ್ಮನ ಕಾಲದ್ದು. ಒಡೆಯ ಸತ್ತುಬಿದ್ದ ಮೇಲೆ ಅವನ ನಾಯಿ ಕೋವಿವನ್ ಇಬ್ಬರು ಕಳ್ಳರನ್ನು ಕಚ್ಚಿ ಕಾವಲು ನಿಂತಿತು ಎಂದು ಅಲ್ಲಿ ಬರೆದಿದೆ. ಕಲ್ಲಿನಲ್ಲಿ ವೀರನ ಹಿಂದೆ ನಾಯಿಯೂ ಇದೆ. ದನ ಕಾಯುವ, ದನ ಕದಿಯುವ, ಕದ್ದದ್ದನ್ನು ಬಿಡಿಸಿ ತರುವ ಬದುಕು ಅದು. ನಮ್ಮ ತುರುಗೊಳ್ ವೀರಗಲ್ಲುಗಳಿಗೂ ಅದೇ ಹಿನ್ನೆಲೆ. ಹಸುವಿಗಾಗಿ ಮನುಷ್ಯ ಸಾಯುತ್ತಿದ್ದ, ಮನುಷ್ಯನಿಗಾಗಿ ನಾಯಿ ಸಾಯುತ್ತಿತ್ತು. ಇಬ್ಬರಿಗೂ ಕಲ್ಲು ಸಿಗುತ್ತಿತ್ತು.

ಕಲೆಕ್ಟರ್ ಕೊಟ್ಟ ಕೌಲು

ಚೆನ್ನೈಯಿಂದ ದಕ್ಷಿಣಕ್ಕೆ ಎಂಬತ್ತು ಕಿಲೋಮೀಟರ್ ಹೋದರೆ ವೇಡಂತಾಂಗಲ್. ಮಳೆಗಾಲ ಮುಗಿಯುವ ಹೊತ್ತಿಗೆ ಅಲ್ಲಿನ ಕೆರೆಯೊಳಗೆ ನಿಂತ ಮರಗಳ ಮೇಲೆ ಕೊಕ್ಕರೆ, ನೀರುಕಾಗೆ, ಬಕ, ಚಮಚದ ಕೊಕ್ಕಿನ ಹಕ್ಕಿಗಳು ಸಾವಿರಗಟ್ಟಲೆ ಸೇರುತ್ತವೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಇಲ್ಲಿಗೆ ಕಂಪನಿಯ ಸಿಪಾಯಿಗಳು ಬಂದು ಮೋಜಿಗಾಗಿ ಹಕ್ಕಿಗಳನ್ನು ಹೊಡೆದರು. ಊರಿನವರು ಸುಮ್ಮನಿರಲಿಲ್ಲ. ಚೆಂಗಲ್‌ಪಟ್ಟಿನ ಕಲೆಕ್ಟರ್ ಲಯೊನೆಲ್ ಪ್ಲೇಸ್ ಬಳಿ ಹೋಗಿ ದೂರು ಕೊಟ್ಟರು. ಇನ್ನು ಮುಂದೆ ಇಲ್ಲಿ ಯಾರೂ ಹಕ್ಕಿ ಹೊಡೆಯಕೂಡದು ಎಂದು ಅವನಿಂದ ಒಂದು ಕೌಲು ಬರೆಸಿಕೊಂಡರು. ಅದು 1798ರ ಹೊತ್ತಿನ ಮಾತು. ಆ ಕಾಗದ ಕಳೆದುಹೋದಾಗ ಬಿಡದೆ ಬೆನ್ನುಬಿದ್ದು 1858ರಲ್ಲಿ ಹೊಸ ಕೌಲು ಪಡೆದರು.

ಆ ಕಾಲದ ರೈತ ಕಲೆಕ್ಟರನ ಕಚೇರಿಗೆ ಹೋಗುವುದು ಕಂದಾಯ ಮಾಫಿ ಕೇಳಲು. ಇವರು ಹಕ್ಕಿಗಾಗಿ ಹೋದರು. ಯಾಕೆ ಹೋದರು ಎಂಬುದಕ್ಕೆ ಉತ್ತರ ಸರಳವಾಗಿದೆ, ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಸಾವಿರಾರು ಹಕ್ಕಿಗಳ ಹಿಕ್ಕೆ ಕೆರೆಯ ನೀರಿಗೆ ಬೀಳುತ್ತದೆ. ಆ ನೀರು ಗದ್ದೆಗೆ ಹಾಯುತ್ತದೆ. ಗೊಬ್ಬರ ಬೇರೆ ಹಾಕಬೇಕಿಲ್ಲ, ಬೆಳೆ ಹುಲುಸಾಗಿ ಬರುತ್ತದೆ. ಹಕ್ಕಿಗೆ ಜಾಗ, ಗದ್ದೆಗೆ ಗೊಬ್ಬರ.

ಹಾಗಾದರೆ ಇದು ಕರುಣೆಯಲ್ಲ, ಲಾಭ ಎಂದು ಯಾರಾದರೂ ಹೇಳಬಹುದು. ನಾನೂ ಮೊದಲು ಹಾಗೇ ಯೋಚಿಸಿದ್ದೆ. ಈಗ ಅನ್ನಿಸುವುದು ಬೇರೆ. ಲಾಭ ನೋಡುವವನಿಗೆ ಹಕ್ಕಿಯ ಮಾಂಸವೂ ಲಾಭವೇ, ಅದು ಅಂದೇ ಕೈಗೆ ಸಿಗುವ ಲಾಭ. ಅದನ್ನು ಬಿಟ್ಟು, ತಲೆಮಾರುಗಳ ಕಾಲ ನಿಧಾನವಾಗಿ ಬರುವ ಲಾಭವನ್ನು ಆರಿಸಿಕೊಳ್ಳಲು ಹಕ್ಕಿಯನ್ನು ನೆರೆಯವರಂತೆ ನೋಡುವ ಕಣ್ಣು ಬೇಕು. ನೆರೆಯವರೊಂದಿಗೂ ನಾವು ಕೊಟ್ಟು ತೆಗೆದುಕೊಂಡೇ ಬದುಕುತ್ತೇವೆ. ಹಾಗೆಂದು ಆ ಸಂಬಂಧ ಸುಳ್ಳಾಗುವುದಿಲ್ಲ.

ಎಂಟಾಣೆಗೆ ಒಂದು ನಾಯಿ

ಮುಂಬೈಯಲ್ಲಿರುವವರು ಭೂಲೇಶ್ವರದ ಪಾಂಜರಪೋಳದ ಮುಂದೆ ಹಾದುಹೋಗಿರುತ್ತೀರಿ. ತರಕಾರಿ ಗಾಡಿ, ಬಳೆ ಅಂಗಡಿಗಳ ಗಲ್ಲಿಗಳ ನಡುವೆ ಹಸುಗಳಿರುವ ಜಾಗ. ಅದು ಹುಟ್ಟಿದ ಕಥೆ ಹಸುವಿನಿಂದಲ್ಲ, ಬೀದಿನಾಯಿಯಿಂದ ಶುರುವಾಗುತ್ತದೆ.

ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಬೊಂಬಾಯಿ ಸರ್ಕಾರ ಬೇಸಿಗೆಯಲ್ಲಿ ಒಡೆಯರಿಲ್ಲದ ನಾಯಿಗಳನ್ನು ಕೊಲ್ಲಿಸುತ್ತಿತ್ತು. 1832ರಲ್ಲಿ ಕೊಂದ ನಾಯಿಗೆ ಎಂಟಾಣೆ ಇನಾಮು. ಎಂಟಾಣೆ ಆಗ ಸಣ್ಣ ದುಡ್ಡಲ್ಲ. ಹಿಡಿಯುವವರು ಬೀದಿನಾಯಿ ಸಾಲದೆ ಮನೆಯಂಗಳದ ಸಾಕುನಾಯಿಗಳಿಗೂ ಕೈಹಾಕಿದರು. ಪಾರಸಿಗಳಿಗೆ ಇದು ಸಹಿಸಲಾಗದ ಮಾತು. ಅವರ ಧರ್ಮದಲ್ಲಿ ನಾಯಿಗೆ ಪವಿತ್ರ ಸ್ಥಾನವಿದೆ. ಸತ್ತವರ ಮುಖವನ್ನು ನಾಯಿ ನೋಡುವುದು ಅವರ ಅಂತ್ಯಸಂಸ್ಕಾರದ ಒಂದು ಭಾಗ. ಜೂನ್ 6, ಅವರಿಗೆ ಹಬ್ಬದ ದಿನ. ಅಂದು ನಾಯಿ ಹಿಡಿಯಲು ಬಂದ ಪೊಲೀಸರ ಮೇಲೆ ಜನ ಬಿದ್ದರು. ಮರುದಿನ ಅಂಗಡಿಗಳು ಮುಚ್ಚಿದವು. ಪಾರಸಿಗಳ ಜೊತೆಗೆ ಜೈನರು, ಹಿಂದೂಗಳು, ಮುಸ್ಲಿಮರಲ್ಲಿ ಕೆಲವರು ನಿಂತರು. ಕೋಟೆಯೊಳಗಿನ ಇಂಗ್ಲಿಷರ ಮನೆಗಳಿಗೆ, ದಂಡಿಗೆ ಹೋಗಬೇಕಿದ್ದ ಸಾಮಾನು ನಿಂತಿತು. ಕೊನೆಗೆ ಸೈನ್ಯವನ್ನು ಕರೆಸಬೇಕಾಯಿತು, ಹಲವರು ಜೈಲು ಸೇರಿದರು.

ಗಲಭೆ ಮುಗಿದ ಮೇಲೆ ಏನಾಯಿತು ಎಂಬುದೇ ಈ ಕಥೆಯ ತಿರುಳು. ಸಿಟ್ಟು ಇಳಿದ ಮೇಲೆ ಜನ ಮನೆಗೆ ಹೋಗಿ ಸುಮ್ಮನಾಗಬಹುದಿತ್ತು. ವರ್ತಕ ಜಮ್‌ಶೇಟ್‌ಜೀ ಜೀಜೀಭಾಯಿ ಮತ್ತು ಇತರರು ಸರ್ಕಾರಕ್ಕೆ ಅರ್ಜಿ ಬರೆದರು. ನಾಯಿಗಳನ್ನು ಕೊಲ್ಲುವ ಬದಲು ಊರಾಚೆ ಸಾಗಿಸಲಿ ಎಂದರು. ಸಾಗಿಸುವುದು ಎಲ್ಲಿಗೆ? ಆ ಪ್ರಶ್ನೆಗೆ ಉತ್ತರವಾಗಿ 1834ರಲ್ಲಿ ಪಾಂಜರಪೋಳ ಹುಟ್ಟಿತು. ಜೀಜೀಭಾಯಿ ಮತ್ತು ಜೈನ ವರ್ತಕ ಅಮೀಚಂದ್ ಶಾ ಮುಂದೆ ನಿಂತರು. ನಡೆಸಲು ದುಡ್ಡು ಬೇಕಲ್ಲ, ವರ್ತಕರು ತಮ್ಮ ವ್ಯಾಪಾರದ ಮೇಲೆ ತಾವೇ ಒಂದು ಲಾಗಾ ಹಾಕಿಕೊಂಡರು. ಮಣಲೇರನ ಗದ್ದೆಯ ಜಾಗದಲ್ಲಿ ಇಲ್ಲಿ ವ್ಯಾಪಾರದ ಸರಕು. ಲೆಕ್ಕ ಮಾತ್ರ ಒಂದೇ.

ಈ ಕಥೆಗೆ ಇನ್ನೊಂದು ಮಗ್ಗುಲೂ ಇದೆ. ಸರ್ಕಾರ ನಾಯಿಗಳನ್ನು ಕೊಲ್ಲಿಸುತ್ತಿದ್ದದ್ದು ಬರೀ ಕ್ರೌರ್ಯದಿಂದಲ್ಲ, ಹುಚ್ಚುನಾಯಿಯ ಭಯದಿಂದ. ರೇಬಿಸ್‌ಗೆ ಆಗ ಲಸಿಕೆ ಇರಲಿಲ್ಲ. ಪ್ಯಾರಿಸ್‌ನಲ್ಲಿ ಲೂಯಿ ಪಾಶ್ಚರ್ ಅದನ್ನು ಮೊದಲು ಮನುಷ್ಯನಿಗೆ ಕೊಟ್ಟದ್ದು 1885ರಲ್ಲಿ. ಅಲ್ಲಿಯವರೆಗೆ ಹುಚ್ಚುನಾಯಿ ಕಚ್ಚಿದ ಮಗುವಿನ ತಾಯಿಗೆ ಕಾಯುವುದನ್ನು ಬಿಟ್ಟು ಬೇರೆ ದಾರಿ ಇರಲಿಲ್ಲ. ಆ ತಾಯಿಯ ಭಯವನ್ನು ಕರುಣೆಯ ಲೆಕ್ಕದಿಂದ ಹೊರಗಿಡುವುದು ನ್ಯಾಯವಲ್ಲ.

ಬಾಣಂತನಕ್ಕೆ ಬಂದ ಮಗಳು

ಮತ್ತೆ ಮದ್ದೂರಿಗೆ ಬರೋಣ.

ಬೆಂಗಳೂರು–ಮೈಸೂರು ಹೆದ್ದಾರಿಯಿಂದ ಒಳಗೆ ಹನ್ನೆರಡು ಕಿಲೋಮೀಟರ್ ಹೋದರೆ ಕೊಕ್ಕರೆ ಬೆಳ್ಳೂರು. ಪಕ್ಕದಲ್ಲಿ ಶಿಂಷಾ ಹೊಳೆ. ಊರಿನೊಳಗೆ ಹುಣಸೆ, ಅರಳಿ ಮರಗಳು. ಡಿಸೆಂಬರ್ ಹೊತ್ತಿಗೆ ಹೆಜ್ಜಾರ್ಲೆಗಳು ಬರತೊಡಗುತ್ತವೆ, ಆಮೇಲೆ ಬಣ್ಣದ ಕೊಕ್ಕರೆಗಳು. ಗೂಡು ಕಟ್ಟಿ, ಮೊಟ್ಟೆಯಿಟ್ಟು, ಮರಿ ಬೆಳೆಸಿ, ಮುಂಗಾರು ಹತ್ತಿರವಾಗುವಾಗ ಹೊರಡುತ್ತವೆ. ಇದೆಲ್ಲ ನಡೆಯುವುದು ಕಾಡಿನಲ್ಲಲ್ಲ, ಜನರ ಹಿತ್ತಲಿನಲ್ಲಿ. ಕೆಳಗೆ ದನ ಕಟ್ಟಿರುತ್ತಾರೆ, ಬಟ್ಟೆ ಒಣಹಾಕಿರುತ್ತಾರೆ, ಮೇಲೆ ಹೆಜ್ಜಾರ್ಲೆಯ ಮರಿ ತಾಯಿಯ ಕೊಕ್ಕಿನ ಚೀಲಕ್ಕೆ ತಲೆಯನ್ನೇ ತೂರಿಸಿ ಮೀನು ತಿನ್ನುತ್ತಿರುತ್ತದೆ. ದೊಡ್ಡ ಹಕ್ಕಿ ಹೆಚ್ಚು ಸದ್ದು ಮಾಡುವುದಿಲ್ಲ, ಗಲಾಟೆಯೆಲ್ಲ ಮರಿಗಳದು.

ಊರಿನ ಜನ ಈ ಹಕ್ಕಿಗಳನ್ನು ಕರೆಯುವ ರೀತಿ ಎಲ್ಲರಿಗೂ ಗೊತ್ತಿರುವುದೇ. ಇವು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು. ಬಂದರೆ ಊರಿಗೆ ಮಳೆ ಬೆಳೆ ಚೆನ್ನ, ಬರದಿದ್ದರೆ ಕೇಡು. ಈ ಒಂದು ಹೋಲಿಕೆಯಲ್ಲಿ ಇಡೀ ಕಾನೂನು ಅಡಗಿದೆ ಎಂದು ನನಗೆ ಅನ್ನಿಸುತ್ತದೆ. ತವರಿಗೆ ಬಂದ ಮಗಳಿಂದ ಬಾಡಿಗೆ ಕೇಳುವುದಿಲ್ಲ. ಅವಳ ಮಗು ರಾತ್ರಿಯಿಡೀ ಅತ್ತರೆ ಗೊಣಗಬಹುದು, ಹೊರಗೆ ಹಾಕುವಂತಿಲ್ಲ. ಅವಳು ಗಂಡನ ಮನೆಗೆ ಹೊರಟ ದಿನ ಮನೆ ಬಣಗುಟ್ಟುತ್ತದೆ.

1916ರಲ್ಲಿ ಪ್ಲೇಗ್ ಬಂದಾಗ ಊರು ಹೊಳೆದಂಡೆಯ ಹಳೆಯ ಜಾಗ ಬಿಟ್ಟು ಈಗಿನ ಜಾಗಕ್ಕೆ ಬಂತು. ಊರಿನವರ ಮಾತಿನ ಪ್ರಕಾರ ಹಕ್ಕಿಗಳೂ ಹಿಂದೆಯೇ ಬಂದವು. ಖಾಲಿಯಾದ ಹಳೆಯ ಊರಿನಲ್ಲಿ ಮರಗಳಿಗೇನೂ ಕೊರತೆ ಇದ್ದಿರಲಿಕ್ಕಿಲ್ಲ. ಆದರೂ ಅವು ಮನುಷ್ಯರಿದ್ದ ಕಡೆಯೇ ಬಂದವು. ಇದಕ್ಕೆ ಪ್ರೀತಿ ಎಂದು ಹೆಸರಿಡುವ ಮೊದಲು ಒಂದು ಸರಳ ವಿವರಣೆಯನ್ನೂ ನೋಡಬೇಕು. ಜನ ಓಡಾಡುವ ಜಾಗದಲ್ಲಿ ಮೊಟ್ಟೆ, ಮರಿಗಳನ್ನು ಕದಿಯುವ ಪ್ರಾಣಿಗಳ ಕಾಟ ಕಡಿಮೆ. ತಮಗೆ ಕೇಡು ಮಾಡದ ಮನುಷ್ಯ ಹಕ್ಕಿಗೆ ಒಳ್ಳೆಯ ಬೇಲಿ. ಅದು ಮನುಷ್ಯನನ್ನು ಮೆಚ್ಚಿತೋ, ಬಳಸಿಕೊಂಡಿತೋ? ಎರಡೂ ಇರಬಹುದು. ಕಲ್ಲು ಹೊಡೆಯುವ ಊರಿನಲ್ಲಿ ಅದು ಒಂದು ವರ್ಷವೂ ನಿಲ್ಲುತ್ತಿರಲಿಲ್ಲ ಎಂಬುದು ಮಾತ್ರ ಖಂಡಿತ. ನಂಬಿಕೆಯನ್ನು ಹಕ್ಕಿ ಅಳೆಯುವುದು ಹೀಗೆ, ವರ್ಷ ವರ್ಷ ಬಂದು.

ಹೊರಗಿನ ಪ್ರಪಂಚಕ್ಕೆ ಈ ಊರನ್ನು ತೋರಿಸಿಕೊಟ್ಟವರು ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ, 1976ರಲ್ಲಿ. ಮುಂದೆ ಬೆಂಗಳೂರಿನ ರಸ್ತೆಗಳಿಗೆ ಲಕ್ಷಗಟ್ಟಲೆ ಮರ ನೆಡಿಸಿದವರೂ ಇವರೇ. ಅವರು ಕಂಡ ಊರಿನಲ್ಲಿ ಆಗಲೇ ಒಂದು ಪದ್ಧತಿ ಇತ್ತು. ಮರದ ಬುಡದಲ್ಲಿ ಗುಂಡಿ ತೆಗೆದು, ಕೆರೆಯ ಗೋಡು ತುಂಬಿ, ಅದರ ಮೇಲೆ ಬೀಳುವ ಹಿಕ್ಕೆಯನ್ನು ಗೊಬ್ಬರ ಮಾಡಿಕೊಳ್ಳುತ್ತಿದ್ದರು. ಆದರೆ ಹಕ್ಕಿ ಕೂತ ಹುಣಸೆಮರದಲ್ಲಿ ಹಣ್ಣು ಬಡಿಯುವಂತಿಲ್ಲ. ಹುಣಸೆ ಎಂದರೆ ಬಡವರ ಮನೆಗೆ ವರ್ಷಕ್ಕೊಮ್ಮೆ ಬರುವ ರೊಕ್ಕ. ರಾಸಾಯನಿಕ ಗೊಬ್ಬರದ ಚೀಲ ಅಂಗಡಿಯಲ್ಲಿ ಸಿಗುವಂತಾದ ಮೇಲೆ ಹಿಕ್ಕೆಯ ಬೆಲೆಯೂ ಇಳಿಯಿತು. ತವರಿನವರಿಗೂ ಹೊಟ್ಟೆಯಿದೆಯಲ್ಲ. ಅರಣ್ಯ ಇಲಾಖೆ ಗೂಡಿರುವ ಮರಗಳ ಯಜಮಾನರಿಗೆ ಪರಿಹಾರ ಕೊಡುವ ಏರ್ಪಾಡು ಮಾಡಿತು. ಅದು ಸಾಲದು, ಸಮಯಕ್ಕೆ ಬರುವುದಿಲ್ಲ ಎಂಬ ದೂರು ಊರಿನಲ್ಲಿ ಇದ್ದೇ ಇದೆ. ಮರಗಳು ಒಂದೊಂದಾಗಿ ಕಡಿದುಹೋದದ್ದೂ ನಿಜ.

1994ರಲ್ಲಿ ಮೈಸೂರಿನ ಪಕ್ಷಿಪ್ರಿಯರ ಜೊತೆ ಸೇರಿ ಊರಿನ ಹುಡುಗರು ‘ಹೆಜ್ಜಾರ್ಲೆ ಬಳಗ’ ಕಟ್ಟಿಕೊಂಡರು. ಗೂಡಿನಿಂದ ಬಿದ್ದ ಮರಿಯನ್ನು ತಾಯಿ ಇಳಿದುಬಂದು ಎತ್ತಿಕೊಳ್ಳುವುದಿಲ್ಲ, ಎತ್ತಿಕೊಳ್ಳಲು ಅದಕ್ಕೆ ಆಗುವುದೂ ಇಲ್ಲ. ಕೆಳಗೆ ಬಿದ್ದರೆ ನಾಯಿಯ ಪಾಲು, ಇಲ್ಲವೇ ಹಸಿವಿನ ಪಾಲು. ಬಳಗದವರು ಅಂಥ ಮರಿಗಳನ್ನು ಎತ್ತಿ ತಂದು, ಬಲೆಯ ಆವರಣದಲ್ಲಿಟ್ಟು, ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಹಾರಲು ಬಿಡುತ್ತಾರೆ. ಇದು ವಿಡಿಯೋದಲ್ಲಿ ಮೂವತ್ತು ಸೆಕೆಂಡು ಕಾಣುವ ಕೆಲಸ. ಮಾಡುವವರಿಗೆ ದಿನಕ್ಕೆ ಹಲವು ಸಲ, ತಿಂಗಳುಗಟ್ಟಲೆ, ಮೀನಿನ ನಾತದಲ್ಲಿ. ಮೀನು ಬಿಟ್ಟಿ ಬರುವುದಿಲ್ಲ.

2007ರಲ್ಲಿ ಸರ್ಕಾರ ಇದನ್ನು ಸಮುದಾಯ ಮೀಸಲು ಪ್ರದೇಶ ಎಂದು ಘೋಷಿಸಿತು. ಅಂದರೆ ಭೂಮಿ ಜನರದೇ, ಕಾಯುವ ಹೊಣೆಯೂ ಜನರದೇ. ಇಷ್ಟಾದರೂ ಎಲ್ಲ ಸುಖವಾಗಿ ಮುಗಿದಿಲ್ಲ. 2017ರ ಕೊನೆಯಿಂದ ಮುಂದಿನ ವರ್ಷದ ಮೊದಲ ತಿಂಗಳುಗಳವರೆಗೆ ಹೆಜ್ಜಾರ್ಲೆಗಳು ಮರದಿಂದ ಒಂದರ ಹಿಂದೆ ಒಂದು ಸತ್ತು ಬಿದ್ದವು. ಪರೀಕ್ಷೆ ಮಾಡಿದಾಗ ಹೊಟ್ಟೆಯಲ್ಲಿ ಪರಾವಲಂಬಿ ಹುಳುಗಳು ಸಿಕ್ಕವು. ಇಂಥ ಹುಳು ಹಕ್ಕಿಗೆ ಬರುವುದು ತಿಂದ ಮೀನಿನಿಂದ. ಊರು ಎಷ್ಟೇ ಮುದ್ದಿನಿಂದ ನೋಡಿಕೊಂಡರೂ ಮಗಳು ಉಣ್ಣುವುದು ಸುತ್ತಲಿನ ಕೆರೆಗಳಲ್ಲಿ. ಆ ಕೆರೆಗಳ ನೀರು ಕೆಟ್ಟರೆ ತವರಿನವರು ಏನು ಮಾಡಿಯಾರು?

ಊಟಕ್ಕೆ ಮೊದಲು

2025ರ ಆಗಸ್ಟ್‌ನಲ್ಲಿ ದೆಹಲಿಯ ಓದುಗರೊಬ್ಬರು ನನಗೆ ಬರೆದಿದ್ದರು, ಬೀದಿನಾಯಿಗಳ ಮಾತೆತ್ತಿದರೆ ತಮ್ಮ ಅಪಾರ್ಟ್‌ಮೆಂಟಿನಲ್ಲಿ ಸ್ನೇಹಿತರೂ ಮುಖ ತಿರುಗಿಸುವಂತಾಗಿದೆ ಎಂದು. ಆ ತಿಂಗಳ 11ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ, ದೆಹಲಿ ಸುತ್ತಮುತ್ತಲಿನ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯತಾಣಗಳಲ್ಲಿ ಇಡಬೇಕು ಎಂದಿತು. 22ರಂದು ಮೂವರ ಪೀಠ ಅದನ್ನು ಬದಲಿಸಿತು. ಸಂತಾನಹರಣ ಮಾಡಿ, ಲಸಿಕೆ ಹಾಕಿ ಹಿಡಿದ ಜಾಗಕ್ಕೇ ಬಿಡಬೇಕು, ರೇಬಿಸ್ ಇರುವ, ಮೈಮೇಲೆ ಬೀಳುವ ನಾಯಿಗಳನ್ನು ಮಾತ್ರ ಬಿಡಬಾರದು, ಅನ್ನ ಹಾಕುವುದು ಗೊತ್ತುಮಾಡಿದ ಜಾಗದಲ್ಲಿ ಮಾತ್ರ. ವಿವಾದ ಅಲ್ಲಿಗೆ ಮುಗಿಯಲಿಲ್ಲ. ಒಂದು ಕಡೆ ನಾಯಿಯನ್ನು ಮಕ್ಕಳಂತೆ ನೋಡುವವರು, ಇನ್ನೊಂದು ಕಡೆ ಕಚ್ಚಿಸಿಕೊಂಡವರು. ಜಗತ್ತಿನ ರೇಬಿಸ್ ಸಾವುಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಭಾರತದಲ್ಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಇದು 1832ರ ಬೊಂಬಾಯಿಯದೇ ಜಗಳ. ಒಂದೇ ವ್ಯತ್ಯಾಸ, ಈಗ ನಮ್ಮ ಬಳಿ ಲಸಿಕೆ ಇದೆ.

ಈ ಜಗಳದಲ್ಲಿ ಎರಡು ಪಕ್ಷದವರೂ ಮಾತನಾಡುವುದು ಪ್ರೀತಿ ಮತ್ತು ಭಯದ ಬಗ್ಗೆ. ಹಳೆಯ ಕಥೆಗಳು ಹೇಳುವುದು ಏರ್ಪಾಡಿನ ಬಗ್ಗೆ. ಮಣಲೇರನ ಗದ್ದೆ, ವೇಡಂತಾಂಗಲ್‌ನ ಕೌಲು, ಬೊಂಬಾಯಿಯ ಲಾಗಾ, ಬೆಳ್ಳೂರಿನ ಹುಣಸೆಯ ಪರಿಹಾರ. ಎಲ್ಲದರಲ್ಲೂ ಯಾರೋ ಒಬ್ಬರು ಕೂತು ಲೆಕ್ಕ ಹಾಕಿದ್ದಾರೆ. ಖರ್ಚು ಯಾರದು, ದಿನವೂ ಮಾಡುವವರು ಯಾರು, ತಪ್ಪಿದರೆ ಕೇಳುವವರು ಯಾರು? ಈ ಮೂರಕ್ಕೆ ಉತ್ತರ ಇದ್ದಲ್ಲಿ ಕರುಣೆ ಉಳಿದಿದೆ. ಇಲ್ಲದ ಕಡೆ ಅದು ಒಳ್ಳೆಯ ಮನಸ್ಸಿನ ಒಬ್ಬ ಅಜ್ಜಿ ಸಂಜೆ ಬೀದಿಯಲ್ಲಿ ಅನ್ನ ಹಾಕುವುದಾಗಿ, ಅವಳ ಮೇಲೆ ಅಕ್ಕಪಕ್ಕದವರು ಕೂಗಾಡುವುದಾಗಿ ಕೊನೆಗೊಳ್ಳುತ್ತದೆ. ಲಸಿಕೆ ಹಾಕಿಸುವ ಖರ್ಚನ್ನು ಬೀದಿಯೆಲ್ಲ ಹಂಚಿಕೊಂಡರೆ ಅಜ್ಜಿಯೂ ಉಳಿಯುತ್ತಾಳೆ, ಮಗುವೂ ಉಳಿಯುತ್ತದೆ, ನಾಯಿಯೂ ಉಳಿಯುತ್ತದೆ.

ಆತಕೂರಿನ ಗೊರವ ಎಷ್ಟು ತಲೆಮಾರು ಆ ಕಲ್ಲಿಗೆ ಪೂಜೆ ಮಾಡಿದನೋ, ಎರಡು ಖಂಡುಗ ಯಾವಾಗ ಯಾರ ಪಾಲಾಯಿತೋ. ಕಲ್ಲು ಈಗ ವಸ್ತುಸಂಗ್ರಹಾಲಯದಲ್ಲಿದೆ, ಅದರ ಮುಂದೆ ಯಾರೂ ಹೂವಿಡುವುದಿಲ್ಲ. ಆದರೂ ಸಾವಿರ ವರ್ಷಗಳ ಆಚೆ ಒಂದು ನಾಯಿಯ ಹೆಸರು ನಮಗೆ ಗೊತ್ತಿದೆ. ತಕ್ಕೋಲದಲ್ಲಿ ಸತ್ತ ಎಷ್ಟೋ ಮನುಷ್ಯರದು ಗೊತ್ತಿಲ್ಲ.

ಬೆಂಗಳೂರಿನಿಂದ ವಾಪಸು ಬರುವಾಗ ರೈಲಿನಲ್ಲಿ ಅಮ್ಮನಿಗೆ ಆ ಕಲ್ಲಿನ ಫೋಟೋ ಕಳಿಸಿದೆ, ಕೆಳಗೆ ಕಥೆಯನ್ನೂ ಬರೆದೆ. ಅಮ್ಮ ತುಂಬ ಹೊತ್ತು ಉತ್ತರ ಕೊಡಲಿಲ್ಲ. ರಾತ್ರಿ ಫೋನು ಮಾಡಿದಳು. “ಪಾಪ, ಹಂದೀನೂ ಸತ್ತೋಯ್ತಲ್ಲೋ,” ಅಂದಳು. ಆಮೇಲೆ, ನಮ್ಮ ಬೀದಿಯ ಕಂದುಬಣ್ಣದ ನಾಯಿಗೆ ಲಸಿಕೆ ಹಾಕಿಸಲು ಎಲ್ಲಿ ಹೋಗಬೇಕು, ಎಷ್ಟು ದುಡ್ಡಾಗುತ್ತದೆ ಎಂದು ಕೇಳಿದಳು. ಅರ್ಧ ತಾನು ಕೊಡುತ್ತಾಳಂತೆ, ಉಳಿದರ್ಧವನ್ನು ಎದುರುಮನೆಯವರಿಂದ ವಸೂಲಿ ಮಾಡುತ್ತಾಳಂತೆ.

ನೀವಿರುವ ಊರಿನಲ್ಲಿ, ಅಥವಾ ನೀವು ಬಿಟ್ಟುಬಂದ ಊರಿನಲ್ಲಿ, ಪ್ರಾಣಿಯೊಂದಕ್ಕೆ ನೆಟ್ಟ ಕಲ್ಲೋ, ಅದಕ್ಕಾಗಿ ಬಿಟ್ಟ ಗದ್ದೆಯೋ, ಕಟ್ಟಿಸಿದ ನೀರಿನ ತೊಟ್ಟಿಯೋ ಇದ್ದರೆ ಈ ಪತ್ರಕ್ಕೇ ಉತ್ತರ ಬರೆದು ತಿಳಿಸಿ. ಯಾರು ಮಾಡಿದರು ಎಂಬುದರ ಜೊತೆಗೆ ಈಗ ಅದನ್ನು ಯಾರು ನೋಡಿಕೊಳ್ಳುತ್ತಿದ್ದಾರೆ ಎಂಬುದನ್ನೂ ಬರೆಯಿರಿ.